ಕಂಬಳಿ ಚೂರಿನ ಹಿಂದೆ

ಎರಡು ವರ್ಷದ ಹಿಂದೆ, ಕಬ್ಬಿನ ಕಟಾವು ಮುಗಿದ ಮಾರನೆಯ ದಿನ, ಬೆಳಿಗ್ಗೆ ಏಳೂವರೆಯ ಹೊತ್ತಿಗೆ ನಾನು ಅಲಖನೂರಿನ ನಮ್ಮ ಹೊಲದಲ್ಲಿ ಮೋಟಾರ್ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಹೊಲ ಬಯಲಾಗಿತ್ತು, ಕಣ್ಣಿಗೆ ಅಡ್ಡ ಏನೂ ಇರಲಿಲ್ಲ. ಗೊಬ್ಬರಕ್ಕೆಂದು ಅಲ್ಲಿ ಸುತ್ತ ಬಲೆ ಕಟ್ಟಿ ಕುರಿ ಹಿಂಡು ತರುಬಿಸಿದ್ದೆವು.

ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ತಾವು ಸಾಕಿದ ಬೇಟೆ ತಳಿಯ ನಾಯಿಮರಿಯನ್ನು ಆಡಿಸುತ್ತಿದ್ದರು. ಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೆಯ ಕಂಬಳಿಯ ಚೂರು. ಚೂರು ಮೊಲದ ಹಾಗೆ ನೆಲದ ಮೇಲೆ ಓಡಬೇಕು, ಮರಿ ಬೆನ್ನಟ್ಟಿ ಹಿಡಿಯಬೇಕು, ಬಿಡು ಎಂದಾಗ ಬಿಡಬೇಕು. ಬಿಟ್ಟರೆ ಚೂರು ಮತ್ತೆ ಓಡುತ್ತದೆ. ಕರೆದರೆ ತಿರುಗಿಯೂ ನೋಡದಿದ್ದ ಮರಿ ಈ ಆಟದ ಆಸೆಗೆ ಬರತೊಡಗಿತ್ತು. ಆದರೆ ಒಂದು ಕುರಿಗೆ ಬಾಯಿ ಹಾಕಿದರೂ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಅಣ್ಣ ಮೊದಲೇ ಹೇಳಿದ್ದ.

ಬಲೆಯ ಕೆಳಗಿಂದ ಹಣೆಯಲ್ಲಿ ಬಿಳಿ ಚುಕ್ಕೆಯ ಒಂದು ಕುರಿಮರಿ ನುಸುಳಿ ಓಡಿತು. ನಾಯಿಮರಿ ಚೂರನ್ನು ಬಿಟ್ಟು ಅದರ ಬೆನ್ನು ಹತ್ತಿತು. ಕುರಿ ಕಾಯುವ ಅಜ್ಜ ಬಡಿಗೆ ಎತ್ತಿದ್ದು ಕಂಡಿತು. ನಾಯಿಯ ಬಾಯಿ ಕುರಿಮರಿಯ ತೊಡೆಯ ಉಣ್ಣೆಗೆ ತಾಗಿದ್ದೂ ಕಂಡಿತು.

ವೈನಿ ಅತ್ತ ಓಡಲಿಲ್ಲ. ಬೆನ್ನು ತಿರುಗಿಸಿ ಎದುರು ದಿಕ್ಕಿಗೆ ಓಡಿದರು. ಕಬ್ಬಿನ ಒಣ ಎಲೆಯ ರವದಿಯ ಮೇಲೆ ಚೂರು ಸರಸರ ಹಾರುತ್ತ ಹಿಂದೆ ಹೋಯಿತು. ನಾಯಿಮರಿಯ ಕಿವಿ ಆ ಸದ್ದಿಗೆ ಹೊರಳಿತು. ಆಮೇಲೆ ನಾಯಿಮರಿಯೇ ಕುರಿಮರಿಯನ್ನು ಬಿಟ್ಟು ಚೂರಿನತ್ತ ಹೊರಳಿತು.

ಅಜ್ಜ ಕುರಿಮರಿಯ ಕಾಲು ಸವರಿ, ಗಾಯವಿಲ್ಲ ಎಂದ. ಚೂರನ್ನು ಈಸಿಕೊಂಡು ಮೂಸಿದ.

"ಯವ್ವಾ, ಇದು ಕುರಿ ಉಣ್ಣೆ. ಇದನ್ನ ಹಿಡಿ ಅಂತ ನೀನ ಕಲಿಸಿ, ಈಗ ಹಿಡೀಬ್ಯಾಡ ಅಂದ್ರ ಅದೇನ್ ಮಾಡಬೇಕು? ನಾಳೆ ನನ್ನ ಹೆಗಲಮ್ಯಾಲಿನ ಕಂಬಳಿಗೂ ಜಿಗೀತೈತಿ."

ವೈನಿಗೆ ಏದುಸಿರು. "ತಪ್ಪ ನಂದ ಐತ್ರಿ, ಅಜ್ಜಾರ. ಅದಕ್ಕ ಹೊಡೀಬ್ಯಾಡ್ರಿ."

ಅಣ್ಣನಿಗೆ ನಾನು ಕಂಡದ್ದನ್ನು ಕಂಡಂತೆ ಹೇಳಿದೆ: ಬಾಯಿ ತಾಗಿತ್ತು, ಕಚ್ಚಲಿಲ್ಲ, ಆಟದ ಸದ್ದಿಗೆ ಬಿಟ್ಟು ಬಂತು. ಸಂಜೆ ಹಗ್ಗದ ತುದಿಯ ಕಂಬಳಿ ಚೂರು ಬಿಚ್ಚಿ ಹಳೆಯ ಸೈಕಲ್ ಟ್ಯೂಬಿನ ತುಂಡು ಕಟ್ಟಿದವನು ಅವನೇ.

ಆ ಬೆಳಗಿನ ಓಟವನ್ನು ಕಂಡವರಲ್ಲಿ ಅಜ್ಜ ಈಗ ಇಲ್ಲ. ಈ ಸಲ ಕುರಿ ತಂದವನು ಅವನ ಮಗ. ವೈನಿ ಇದ್ದಾರೆ, ನಾನಿದ್ದೇನೆ. ಹಣೆಯಲ್ಲಿ ಬಿಳಿ ಚುಕ್ಕೆಯ ಆ ಕುರಿಮರಿಯೂ ಇದೆ, ಈಗ ಅದಕ್ಕೇ ಒಂದು ಮರಿ. ಇವತ್ತು ತಾಯಿ ಮರಿ ಎರಡೂ ಮೋಟಾರ್ ಕೋಣೆಯ ಮುಂದೆ ಹಾದುಹೋದವು. ನಾಯಿ ಅಲ್ಲೇ ಟ್ಯೂಬು ಕಚ್ಚಿಕೊಂಡು, ವೈನಿಯ ಕೈಯನ್ನೇ ನೋಡುತ್ತ ಕುಳಿತಿತ್ತು.