ಚಿಕ್ಕಪ್ಪನ ಮೂರು ತಿಂಗಳ ಸಕ್ಕರೆ

ಶುಗರ್ ಟೆಸ್ಟ್‌ನಲ್ಲಿ ಪಾಸಾಗುವುದು ಹೇಗೆಂದು ನಮ್ಮ ಈರಣ್ಣ ಚಿಕ್ಕಪ್ಪನನ್ನು ಕೇಳಬೇಕು.

ಮಿಡಿಗೇಶಿಯಲ್ಲಿ ಕುರಿ ಸಾಕಿಕೊಂಡಿರುವ ಅವನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಟೆಸ್ಟಿಗೆ ಮೂರು ದಿನ ಇದೆ ಎನ್ನುವಾಗ ಟೀ ಬಂದ್, ಬೆಲ್ಲ ಬಂದ್, ಮುದ್ದೆ ಅರ್ಧ. ರಿಪೋರ್ಟ್ ಸದಾ ನಾರ್ಮಲ್. ವಾಪಸ್ ಬಸ್ ಹತ್ತುವ ಮುಂಚೆ ಎರಡು ಜಿಲೇಬಿ. (ಪಾಸಾದವರು ಸಿಹಿ ತಿನ್ನಬಾರದೇ?)

ಎರಡು ತಿಂಗಳ ಹಿಂದೆ ಮಧುಗಿರಿಗೆ ನಾನೂ ಜೊತೆಗೆ ಹೋದೆ. ಆಸ್ಪತ್ರೆಯಲ್ಲಿ ಹೊಸ ಡಾಕ್ಟರಮ್ಮ. ಬೆಳಗಿನ ಶುಗರ್ ನೋಡಿ ಹೊಗಳಲಿಲ್ಲ. ಎಚ್‌ಬಿಎ1ಸಿ ಎಂಬ ಇನ್ನೊಂದು ಟೆಸ್ಟ್ ಬರೆದರು. ಮಧ್ಯಾಹ್ನ ರಿಪೋರ್ಟ್ ಬಂತು. ಒಂಬತ್ತೂವರೆ ಪರ್ಸೆಂಟ್. ಏಳರೊಳಗೆ ಇರಬೇಕಿತ್ತಂತೆ.

"ಇದು ಇವತ್ತಿನ ಲೆಕ್ಕ ಅಲ್ಲ ಯಜಮಾನ್ರೇ. ಎರಡು ಮೂರು ತಿಂಗಳ ಸರಾಸರಿ," ಎಂದರು.

ಚಿಕ್ಕಪ್ಪ ನನ್ನ ಕಡೆ ತಿರುಗಿದ. "ನೀನೇನಾರ ಯೋಳ್ಬುಟ್ಟೇನ್ಲಾ?"

"ನಿನ್ನ ರಕ್ತಾನೇ ಯೋಳೈತೆ," ಎಂದೆ.

"ಇದ್ರಿಂದ ಏನಾಗ್ತದಮ್ಮ?" ಎಂದು ಡಾಕ್ಟರಮ್ಮನನ್ನು ಕೇಳಿದ.

"ಇಂಥದ್ದೇ ಆಗುತ್ತೆ ಅಂತ ಹೇಳೋಕೆ ಇದು ಜಾತಕ ಅಲ್ಲ. ಹೀಗೇ ಇದ್ರೆ ಕಣ್ಣು, ಕಿಡ್ನಿ, ನರಕ್ಕೆ ಅಪಾಯ ಜಾಸ್ತಿ ಅಷ್ಟೇ. ಚಪ್ಪಲಿ ಬಿಡಿ, ಪಾದ ನೋಡೋಣ."

"ಕಾಲು ಚೆಂದಾಗೈತೆ ಕಣಮ್ಮ. ದಿನಾ ಬೆಟ್ಟದ ಬುಡ ಸುತ್ತಾಕ್ತೀನಿ. ಒಂದು ನೋವಿಲ್ಲ."

ನೋವಿಲ್ಲದಿರುವುದೇ ತೊಂದರೆಯಾಗಿತ್ತು. ಎಡ ಹಿಮ್ಮಡಿಯ ಪಕ್ಕದಲ್ಲಿ ಜಾಲಿ ಮುಳ್ಳೊಂದು ಮುರಿದು ಕೂತಿತ್ತು. ಸುತ್ತ ಕೀವು.

"ಯಾವಾಗ ಚುಚ್ಚಿದ್ದು?"

ಮಂದೆಯಲ್ಲಿ ಯಾವ ಕುರಿ ಕುಂಟಿದರೂ ದೂರದಿಂದಲೇ ಕಂಡುಹಿಡಿದು ಮುಳ್ಳು ತೆಗೆಯುವವನು ಚಿಕ್ಕಪ್ಪ. ತನ್ನ ಹಿಮ್ಮಡಿಯನ್ನು ಬಗ್ಗಿ ನೋಡಿದ. "ಗೊತ್ತಿಲ್ಲ ಕಣಮ್ಮ," ಎಂದ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

ಮುಳ್ಳು ಕೀಳುವಾಗಲೂ ಅವನಿಗೆ ನೋಯಲಿಲ್ಲ. ನೋಡುತ್ತಿದ್ದ ನನಗೆ ಭಯವಾಯಿತು. ಅವನಿಗೂ.

ಐದು ವಾರ ಡ್ರೆಸ್ಸಿಂಗ್. ಗಾಯ ಮಾಯಿತು, ಕಾಲು ಉಳಿಯಿತು. ಕಿಡ್ನಿಯಿಂದ ಮೂತ್ರಕ್ಕೆ ಪ್ರೋಟೀನ್ ಸ್ವಲ್ಪ ಸೋರುತ್ತಿದೆಯಂತೆ. ಅದಕ್ಕೆ ಬೇರೆ ಮಾತ್ರೆ. ದಿನಾ ಸಂಜೆ ಚಿಕ್ಕಮ್ಮ ಅವನನ್ನು ಜಗಲಿ ಮೇಲೆ ಕೂರಿಸಿ ಎರಡೂ ಪಾದ ತಿರುಗಿಸಿ ನೋಡುತ್ತಾಳೆ.

"ಸಂತೇಲಿ ಕುರಿ ನೋಡ್ದಂಗೆ ನೋಡ್ತಾಳೆ ಕಣ್ಲಾ," ಎಂದು ಫೋನಿನಲ್ಲಿ ದೂರಿದ.

"ನೋಡ್ಲಿ ಬುಡು."

"ಊಂ. ನೋಡ್ಲಿ ಅಂತ ನಾನೂ ಕುಂತಿರ್ತೀನಿ."

ಪರೀಕ್ಷೆಯ ಹಿಂದಿನ ಮೂರು ದಿನ ಯಾರು ತಾನೇ ಒಳ್ಳೆಯವರಲ್ಲ? ಉಳಿದ ದಿನಗಳದ್ದೇ ಕಷ್ಟ.

ನನಗೂ ಐವತ್ತೆರಡಾಯಿತು. ಹೋದ ಸೋಮವಾರ ಅದೇ ಟೆಸ್ಟಿಗೆ ರಕ್ತ ಕೊಟ್ಟು ಬಂದೆ. ರಿಪೋರ್ಟ್ ರೆಡಿ ಇದೆಯೆಂದು ಲ್ಯಾಬಿನವರು ಎರಡು ಸಲ ಫೋನ್ ಮಾಡಿದ್ದಾರೆ.

ತರಲು ಇನ್ನೂ ಪುರುಸೊತ್ತಾಗಿಲ್ಲ.