ಎರಡು ನಿಮಿಷಕ್ಕೆ ಆರುವ ಪರದೆ

ಪುತ್ತೂರಿನ ನಮ್ಮ ಮನೆಯ ಎದುರುಕೋಣೆಯಲ್ಲಿ ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಮದುಮಗಳ ಉಡುಪಿಗೆ ಕಾಲಲ್ಲಿ ತುಳಿಯುವ ಮಿಷಿನಿನಲ್ಲೇ ಕಸೂತಿ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಗಿರಾಕಿಗಳು ಮೊಬೈಲಿಗೆ ಕಳಿಸಿದ ಚಿತ್ರವನ್ನು ಕಂಪ್ಯೂಟರಿನ ಪರದೆಯಲ್ಲಿ ದೊಡ್ಡದು ಮಾಡಿಟ್ಟುಕೊಂಡು, ಅದನ್ನು ನೋಡಿ ನೋಡಿ ಹೂವು ಎಲೆ ಮೂಡಿಸುತ್ತಾಳೆ. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ಹಾಗಾಗಿ ಮನೆಯ ಕಂಪ್ಯೂಟರಿಗೆ ನಾನೇ ಯಜಮಾನ ಎಂದು ತಿಳಿದುಕೊಂಡಿದ್ದೆ.

ಕಳೆದ ವರ್ಷ ಮೇ ತಿಂಗಳ ರಜೆಯಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಇನ್ವರ್ಟರ್ ಮಧ್ಯಾಹ್ನ ಮೂರಕ್ಕೇ ಕೂಗಿಕೊಂಡು ಮಲಗುತ್ತದೆ, ಮಿಷಿನಿನ ದೀಪವೂ ಆರುತ್ತದೆ ಎಂದು ಅವಳು ದೂರಿದಳು. ಅವಳ ಕೈಯಲ್ಲಿದ್ದದ್ದು ಜಾಲ್ಸೂರಿನ ಬ್ಯಾರಿ ಮುಸ್ಲಿಮರ ಮನೆಯೊಂದರ ಮದುಮಗಳ ಉಡುಪು. ಕುತ್ತಿಗೆಯಿಂದ ಅಂಚಿನವರೆಗೆ ಒಂದೇ ಬಳ್ಳಿ. ಗುರುವಾರ ಬೆಳಿಗ್ಗೆ ಹುಡುಗಿಯ ತಾಯಿ ಬಂದು ಒಯ್ಯುವುದೆಂದು ಮಾತಾಗಿತ್ತು, ಭಾನುವಾರ ಮದುವೆ. ಹೇಳಿದ ದಿನಕ್ಕೆ ಬಟ್ಟೆ ಕೊಡದೆ ನನ್ನ ಹೆಂಡತಿ ಇಷ್ಟು ವರ್ಷಗಳಲ್ಲಿ ಯಾರನ್ನೂ ವಾಪಸು ಕಳಿಸಿದವಳಲ್ಲ.

ಇನ್ವರ್ಟರ್ ಉಳಿಸುವ ಭಾರ ನಾನು ಹೊತ್ತುಕೊಂಡೆ. ಸೆಟ್ಟಿಂಗ್ಸಿಗೆ ಹೋಗಿ ಎರಡು ಕಡೆ ಒತ್ತಿದರೆ ಮುಗಿಯುವ ಕೆಲಸ. ಆದರೆ ಹಾಗೆ ಮಾಡಿದರೆ ನಾನು ಕಲಿತದ್ದಕ್ಕೆ ಬೆಲೆ ಏನು? ಸೋಮವಾರ ಬೆಳಿಗ್ಗೆ ಕುಳಿತು ಒಂದು ಪ್ರೋಗ್ರಾಂ ಬರೆದೆ. ಎರಡು ನಿಮಿಷ ಯಾರೂ ಮೌಸ್ ಅಲುಗಿಸದಿದ್ದರೆ, ಕೀಲಿ ಒತ್ತದಿದ್ದರೆ ಪರದೆ ಆರಬೇಕು. ಆರಿತು. ನನಗೆ ಪರಮಾನಂದ.

ಮಧ್ಯಾಹ್ನ ಊಟಕ್ಕೆ ಬಂದವಳು ಒಂದೇ ಮಾತು ಕೇಳಿದಳು.

"ಎರಡೂ ಕೈ ಬಟ್ಟೆಯಲ್ಲಿರುವಾಗ ಅದನ್ನು ಮುಟ್ಟುದು ಯಾರು?"

ವಿದ್ಯುತ್ ಉಳಿತಾಯದ ಬಗ್ಗೆ ನಾನು ಸಾರು ಆರುವ ತನಕ ಭಾಷಣ ಮಾಡಿದೆ. ಅವಳು ಮಜ್ಜಿಗೆ ಬಡಿಸಿ ಎದ್ದು ಹೋದಳು.

ಮಂಗಳವಾರದಿಂದ ಪರದೆ ಆರುವುದನ್ನೇ ಬಿಟ್ಟಿತು. ನಾನು ಒಳಗಿನಿಂದ ಇಣುಕಿದಾಗಲೆಲ್ಲ ಅದರಲ್ಲಿ ಬಳ್ಳಿಯ ಚಿತ್ರ ಬೆಳಗುತ್ತಲೇ ಇತ್ತು. ಪರೀಕ್ಷಿಸಲು ಪಕ್ಕದಲ್ಲಿ ಹೋಗಿ ಕುಳಿತರೆ ಅವಳು ಬಹಳ ಮರ್ಯಾದೆಯಿಂದ ಕೆಲಸ ನಿಲ್ಲಿಸಿ ಚಹಾ ಮಾಡಲು ಏಳುತ್ತಿದ್ದಳು. ಸರಿಯಾಗಿ ಎರಡು ನಿಮಿಷಕ್ಕೆ ಪರದೆ ಕಪ್ಪಾಗುತ್ತಿತ್ತು. ಸಮಯವನ್ನು ಒಂದು ನಿಮಿಷಕ್ಕೆ ಇಳಿಸಿ ನೋಡಿದೆ. ನಾನಿದ್ದರೆ ಆರುತ್ತದೆ, ನಾನು ಎದ್ದರೆ ಆರುವುದಿಲ್ಲ. ನನ್ನ ವಿದ್ಯಾರ್ಥಿಗಳೂ ಹಾಗೆಯೇ, ಆದರೆ ಕಂಪ್ಯೂಟರಿನಿಂದ ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಸಿಟ್ಟು ಬಂದು, ಮೌಸ್ ಅಲುಗಿದ ಹೊತ್ತನ್ನೆಲ್ಲ ಬರೆದಿಡುವ ಇನ್ನೊಂದು ಪ್ರೋಗ್ರಾಂ ಮಾಡಿದೆ.

ಬುಧವಾರ ಮಧ್ಯಾಹ್ನ ಅದನ್ನು ತೆರೆದರೆ ತಲೆ ಕೆಟ್ಟುಹೋಯಿತು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮೌಸ್ ಹೆಚ್ಚುಕಡಿಮೆ ಎಡೆಬಿಡದೆ ಅಲುಗಿತ್ತು. ಊಟದ ಹೊತ್ತಿಗೆ ಮಾತ್ರ ವಿಶ್ರಾಂತಿ ತೆಗೆದುಕೊಂಡಿತ್ತು. ಎರಡು ಗಂಟೆಗೆ ಮತ್ತೆ ಮಿಷಿನಿನ ಸದ್ದು ಕೇಳಿದ್ದೇ ಚಪ್ಪಲಿ ಬಿಟ್ಟು ಬಾಗಿಲ ಮರೆಗೆ ಹೋಗಿ ನಿಂತೆ. ಮಿಷಿನಿನ ಹಲಗೆಯ ಮೂಲೆಯಲ್ಲಿ, ಚೌಕುಳಿ ಬಟ್ಟೆಯ ಒಂದು ತುಂಡಿನ ಮೇಲೆ, ನಾನು ಹೋದಾಗಲೆಲ್ಲ ಕಂಪ್ಯೂಟರಿನ ಪಕ್ಕದಲ್ಲೇ ಇರುತ್ತಿದ್ದ ನನ್ನ ಮೌಸ್ ಕೂತಿತ್ತು. ಅವಳು ತುಳಿದಂತೆಲ್ಲ ಅದು ಚಳಿ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಅವಳ ಎರಡೂ ಕೈ ಬಟ್ಟೆಯಲ್ಲಿದ್ದವು, ಕಣ್ಣು ಪರದೆಯಲ್ಲಿ.

ನನ್ನನ್ನು ಕಂಡು ಅವಳೇನೂ ಗಾಬರಿಯಾಗಲಿಲ್ಲ. ಸೋಮವಾರ ಪರದೆ ಆರಿದಾಗಲೆಲ್ಲ ನೆನಪಿನಿಂದ ಹಾಕಿದ ಎಂಟು ಎಲೆಗಳನ್ನು ತೋರಿಸಿದಳು. ಎಂಟೂ ಹಿಂದುಮುಂದಾಗಿದ್ದವು. ಬಿಚ್ಚಿ ಮತ್ತೆ ಹಾಕದೆ ನಾಳೆ ಕೊಡುವಂತಿಲ್ಲ, ಬಿಚ್ಚುತ್ತ ಕೂತರೆ ಅಂಚು ಮುಗಿಯುವುದಿಲ್ಲ. ಅಂಚು ಹೇಗೋ ಐದು ಗಂಟೆಗೆ ಮುಗಿಸಿ, ಬಟ್ಟೆಯನ್ನೂ ನೂಲು ಬಿಚ್ಚುವ ಕತ್ತಿಯನ್ನೂ ನನ್ನ ಕೈಗಿತ್ತು, ಅಡುಗೆಮನೆಗೆ ಹೋದಳು.

ಬಟ್ಟೆ ಹರಿಯಬಾರದು, ಸರಿ ಇರುವ ಎಲೆ ಬಿಚ್ಚಬಾರದು. ಎಡಗೈಯಲ್ಲಿ ಬಟ್ಟೆ ಬಿಗಿಹಿಡಿದು, ಬಲಗೈಯಲ್ಲಿ ನೂಲಿಗೆ ಕತ್ತಿ ಸಿಕ್ಕಿಸಿ, ಚಿತ್ರ ನೋಡಲು ತಲೆ ಎತ್ತಿದೆ. ಪರದೆ ಆರಿತ್ತು. ಬಟ್ಟೆ ಬಿಟ್ಟು ಮೌಸ್ ಅಲುಗಿಸಿ ಮತ್ತೆ ಹಿಡಿದುಕೊಳ್ಳುವಷ್ಟರಲ್ಲಿ ಯಾವ ಎಲೆ ಎಂಬುದೇ ಮರೆತಿತ್ತು. ಒಂದು ನಿಮಿಷಕ್ಕೆ ಮತ್ತೆ ಕತ್ತಲೆ. ಮೂರನೆಯ ಸಲಕ್ಕೆ ನಾನು ಆ ಯಂತ್ರಕ್ಕೆ ಬಾಯಿಗೆ ಬಂದ ಹಾಗೆ ಬೈದೆ.

"ಕರೆಂಟು ಉಳೀತಲ್ಲ," ಅಡುಗೆಮನೆಯಿಂದ ಧ್ವನಿ ಬಂತು.

ನಿಜವಾಗಿ ನಾಚಿಕೆಯಾಯಿತು. ಹತ್ತು ಹೆಜ್ಜೆ ಆಚೆ ಕೂತವಳನ್ನು ಒಂದು ಮಾತು ಕೇಳುವ ಬದಲು ಅವಳ ಮೇಲೆ ಲೆಕ್ಕ ಬರೆಯುವ ಪ್ರೋಗ್ರಾಂ ಬಿಟ್ಟಿದ್ದೆ. ಎದ್ದು, ಪ್ರೋಗ್ರಾಮಿನಲ್ಲಿ ಒಂದು ನಿಮಿಷ ಎಂದಿದ್ದಲ್ಲಿ ಸೊನ್ನೆ ಹಾಕಿದೆ. ಸೊನ್ನೆ ಎಂದರೆ ಎಂದೂ ಆರಬೇಡ ಎಂದು ಅರ್ಥ. ಇನ್ವರ್ಟರ್ ಉಳಿಸಲು, ನನ್ನ ಕೋಣೆಯಲ್ಲಿ ಇಡೀ ದಿನ ತಿರುಗುತ್ತಿದ್ದ ಫ್ಯಾನು ಆರಿಸಿದೆ. ಎಂಟು ಎಲೆ ಬಿಚ್ಚುವಷ್ಟರಲ್ಲಿ ಬೆವರಿ ನೀರಾದೆ. ಊಟವಾದ ಮೇಲೆ ಅವಳು ಎಂಟನ್ನೂ ಹೊಸದಾಗಿ ಹಾಕಿದಳು.

ಗುರುವಾರ ಜಾಲ್ಸೂರಿನಿಂದ ಬಂದ ತಾಯಿ ಬಳ್ಳಿಯ ಉದ್ದಕ್ಕೂ ಬೆರಳಾಡಿಸಿದರು. ಆ ಎಂಟು ಎಲೆಗಳ ಹತ್ತಿರ ಬೆರಳು ನಿಂತಿತು. ಅಲ್ಲಿನ ಕೆಲಸ ಭಾರೀ ಚಂದ ಉಂಟು ಎಂದು ಹೇಳಿ, ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡು ಅವರು ಬಸ್ಸಿಗೆ ಹೊರಟರು.

ಅವರು ಹೋದ ಮೇಲೆ ನೋಡಿದರೆ ಮೌಸ್ ಇನ್ನೂ ಮಿಷಿನಿನ ಮೇಲೆಯೇ ಇತ್ತು. ಇನ್ನು ಅದರ ಅಗತ್ಯವಿಲ್ಲ, ಸೊನ್ನೆ ಹಾಕಿದ್ದೇನೆ ಎಂದೆ.

"ಇರ್ಲಿ ಮಾರಾಯ್ರೆ," ಅಂದಳು, "ನಿಮಗೆ ರಜೆ ಇನ್ನೂ ಹದಿನೈದು ದಿನ ಉಂಟಲ್ಲ."