ಶಕೀಲಾಳ ಪುಟ್ಟ ಕ್ಯಾಮೆರಾ

ಹೋದ ವರ್ಷ ಯುಗಾದಿಗೆ ಮುಂಚೆ ರಾಮನಗರದ ನಮ್ಮ ಮನೆಗೆ ಬಣ್ಣ ಹೊಡೆಸಿದೆವು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ಆಗತಾನೇ ನಿವೃತ್ತಳಾಗಿದ್ದರಿಂದ ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೇ ಬಂತು. ಕಾಲೇಜಿನ ನೋಟ್‌ಬುಕ್ಕುಗಳಿದ್ದ ತಗಡಿನ ಪೆಟ್ಟಿಗೆಯ ತಳದಲ್ಲಿ, ಹಳೆಯ ದಾವಣಿಯಲ್ಲಿ ಸುತ್ತಿಟ್ಟ ಒಂದು ಕ್ಯಾಮೆರಾ ಸಿಕ್ಕಿತು. ಸಿಕ್ಕಿತು ಅಂದರೆ ಸುಳ್ಳು ಹೇಳಿದ ಹಾಗೆ. ಅದು ಅಲ್ಲಿದೆ ಎಂದು ನನಗೆ ಗೊತ್ತೇ ಇತ್ತು. ಮದುವೆಯಾಗಿ ಬಂದಾಗಲೂ, ಆಮೇಲೆ ಎರಡು ಸಲ ಮನೆ ಬದಲಾಯಿಸಿದಾಗಲೂ ಆ ಪೆಟ್ಟಿಗೆಯನ್ನು ನಾನೇ ಎತ್ತಿ ತಂದಿದ್ದೆ. ಆ ದಾವಣಿಯನ್ನು ಮಾತ್ರ ಒಮ್ಮೆಯೂ ಬಿಚ್ಚಿರಲಿಲ್ಲ.

ಕ್ಯಾಮೆರಾ ನನ್ನದಲ್ಲ, ಶಕೀಲಾಳದು. ಇದೇ ಊರಿನಲ್ಲಿ ಡಿಗ್ರಿ ಓದುವಾಗ ನಾವಿಬ್ಬರೂ ಒಂದೇ ಬೆಂಚು. ಅವಳ ಮನೆಗೆ ಅಂಟಿಕೊಂಡೇ ಅವಳ ತಂದೆಯ ರೇಷ್ಮೆ ನೂಲು ತೆಗೆಯುವ ಸಣ್ಣ ಫಿಲೇಚರ್ ಇತ್ತು. ಗೂಡು ಬೇಯುವ ಆ ವಾಸನೆಯಲ್ಲಿ ಕೂತು ನಾವು ಎಷ್ಟು ಸಂಜೆ ಓದಿದ್ದೇವೋ ಲೆಕ್ಕವಿಲ್ಲ. ಅವಳ ತಾಯಿಯನ್ನು ಅವಳ ಹಾಗೆ ನಾನೂ ಅಮ್ಮಿ ಎಂದೇ ಕರೆಯುತ್ತಿದ್ದೆ. ಓದು ಮುಗಿಸಿ ಹೊರಡುವಾಗ ಅಮ್ಮಿ ನನ್ನನ್ನು ನಿಲ್ಲಿಸಿ, ಬಿಸಿನೀರಿನಲ್ಲಿ ಸುಕ್ಕಾದ ಬೆರಳುಗಳಿಂದ ನನ್ನ ಜಡೆ ಬಿಗಿದು ಕಳಿಸುತ್ತಿದ್ದರು. ಕೆದರಿದ ತಲೆಯಲ್ಲಿ ಮನೆಗೆ ಹೋದರೆ ನಿಮ್ಮಮ್ಮ ನನ್ನನ್ನು ಬೈಯುತ್ತಾಳೆ ಎನ್ನುತ್ತಿದ್ದರು.

ದುಬೈಯಲ್ಲಿ ಕೆಲಸಕ್ಕಿದ್ದ ಶಕೀಲಾಳ ಅಣ್ಣ ನಮ್ಮ ಡಿಗ್ರಿಯ ಕೊನೆಯ ವರ್ಷ ರಜೆಗೆ ಬಂದಾಗ ಅವಳಿಗೆ ಈ ಕ್ಯಾಮೆರಾ ತಂದುಕೊಟ್ಟಿದ್ದ. ಚಪ್ಪಟೆ, ಉದ್ದ, ಜಾಮಿಟ್ರಿ ಬಾಕ್ಸಿಗಿಂತ ಚಿಕ್ಕದು. ಫಿಲಂ ಕೂಡ ಪುಟಾಣಿ. ಪ್ಲಾಸ್ಟಿಕ್ ಡಬ್ಬಿಯೊಳಗೇ ಇರುತ್ತಿತ್ತು. ಅದರಲ್ಲಿ ಒಂದೊಂದು ಚಿತ್ರವೂ ಹೆಬ್ಬೆರಳಿನ ಉಗುರಿನಷ್ಟು. ಒಂದು ಫೋಟೊ ತೆಗೆದ ಮೇಲೆ ಕೆಳಗಿನ ಗುಂಡಿಯನ್ನು ಸರಿಸಿದರೆ ಫಿಲಂ ಮುಂದಕ್ಕೆ ಹೋಗುತ್ತಿತ್ತು. ಅಂಥದ್ದನ್ನು ನಮ್ಮ ಕಾಲೇಜಿನಲ್ಲಿ ಯಾರೂ ನೋಡಿರಲಿಲ್ಲ.

ಅವನಿನ್ನೂ ಊರಲ್ಲಿರುವಾಗಲೇ ನಾವೆಲ್ಲರೂ ಮೇಕೆದಾಟಿಗೆ ಪ್ರವಾಸ ಹೊರಟೆವು. ಶಕೀಲಾಳಿಗೆ ಚನ್ನಪಟ್ಟಣದಲ್ಲಿ ನೆಂಟರ ಮದುವೆ ಇತ್ತು. ಬೆಳಿಗ್ಗೆ ಬಸ್ಸಿನ ಹತ್ತಿರ ಓಡಿಬಂದು ಕ್ಯಾಮೆರಾವನ್ನು ನನ್ನ ಕೈಗಿಟ್ಟಳು. ನಾನು ಏಳು ಫೋಟೊ ತೆಗೆದಿದ್ದೇನೆ, ಉಳಿದದ್ದೆಲ್ಲ ನಿನ್ನದು, ನನ್ನ ಬದಲಿಗೆ ಇದಾದರೂ ಬರಲಿ ಎಂದಳು. ಅವಳು ಇಷ್ಟು ನಂಬಿದಳಲ್ಲ ಎಂದು ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಸಂಗಮದಲ್ಲಿ ಗೆಳತಿಯರನ್ನು ಸಾಲಾಗಿ ನಿಲ್ಲಿಸಿ ಒತ್ತಿದೆ. ಸದ್ದೇ ಬರಲಿಲ್ಲ. ಕೆಳಗಿನ ಗುಂಡಿ ಅರ್ಧಕ್ಕೆ ಬಂದು ಗಟ್ಟಿಯಾಗಿ ನಿಂತುಬಿಟ್ಟಿತ್ತು. ಜೋರಾಗಿ ಎಳೆದೆ, ತಟ್ಟಿದೆ, ಬೆವರಿದೆ. ಬೇರೆಯವರ ಕ್ಯಾಮೆರಾ ಹಾಳು ಮಾಡಿಬಿಟ್ಟೆನಲ್ಲ ಎಂದು ಅದನ್ನು ಬ್ಯಾಗಿನ ತಳಕ್ಕೆ ತುರುಕಿದೆ. ಗೆಳತಿಯರಿಗೆ ಫಿಲಂ ಮುಗಿಯಿತು ಎಂದು ಸುಳ್ಳು ಹೇಳಿದೆ. ಊರಿಗೆ ಬಂದ ಮೇಲೆ ಗುಟ್ಟಾಗಿ ಒಂದು ಸ್ಟುಡಿಯೋದಲ್ಲಿ ತೋರಿಸಿದರೆ, ಇಂಥ ಸಣ್ಣ ಫಿಲಂ ಇಲ್ಲಿ ಯಾರೂ ತೊಳೆಯುವುದಿಲ್ಲ, ರಿಪೇರಿಯಂತೂ ಆಗದು ಎಂದು ವಾಪಸ್ ಕಳಿಸಿದರು.

ಶಕೀಲಾ ಕೇಳಿದಾಗ ಫಿಲಂ ತೊಳೆಯಲು ಕೊಟ್ಟಿದ್ದೇನೆ ಅಂದೆ. ಅವಳು ಸರಿ ಅಂದಳು. ಮತ್ತೆಂದೂ ಕೇಳಲಿಲ್ಲ. ಮೊದಮೊದಲು ಅದನ್ನು ಅವಳ ಒಳ್ಳೆಯತನ ಎಂದುಕೊಂಡೆ. ದಿನ ಕಳೆದಂತೆ, ಎಲ್ಲ ಗೊತ್ತಾಗಿ ಸಿಟ್ಟಿನಿಂದ ಸುಮ್ಮನಿದ್ದಾಳೆ ಅನ್ನಿಸತೊಡಗಿತು. ಅವಳ ಮನೆಗೆ ಹೋಗುವುದನ್ನು ಬಿಟ್ಟೆ. ಪರೀಕ್ಷೆ ಮುಗಿಯಿತು. ಮಾಗಡಿಯ ಕಡೆಗೆ ಅವಳ ಮದುವೆ ಗೊತ್ತಾಗಿ ಕಾಗದ ಬಂತು; ದುಬೈಯಿಂದ ಅಣ್ಣ ಬಂದಿರುತ್ತಾನೆ, ಕ್ಯಾಮೆರಾ ಎಲ್ಲಿ ಎಂದು ಕೇಳುತ್ತಾನೆ ಎಂದು ಹೆದರಿ ಹೋಗಲೇ ಇಲ್ಲ. ಹಲವು ವರ್ಷಗಳ ನಂತರ ಒಮ್ಮೆ ರಾಮನಗರದ ಬಸ್ ನಿಲ್ದಾಣದಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಅವಳನ್ನು ಕಂಡೆ. ಕೆಲಸದಲ್ಲಿದ್ದ ಟೀಚರು ನಾನು, ಬಸ್ಸಿನ ಹಿಂದೆ ಬಚ್ಚಿಟ್ಟುಕೊಂಡೆ.

ಈಗ ದಾವಣಿ ಬಿಚ್ಚಿ ಕೂತಾಗ ಇದನ್ನೆಲ್ಲ ಹೊತ್ತುಕೊಂಡು ಸಾಯುವುದು ಬೇಡ ಅನ್ನಿಸಿತು. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೆ ಫೋನ್ ಮಾಡಿದೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಅಫ್ರೋಜ್ ಎಂಬವರಿದ್ದಾರೆ, ಇಂಥ ಪುಟ್ಟ ಕ್ಯಾಮೆರಾಗಳ ಹುಚ್ಚು ಹಿಡಿಸಿಕೊಂಡಿದ್ದಾರೆ ಎಂದು ವಿಳಾಸ ಕೊಟ್ಟರು.

ಅಫ್ರೋಜ್ ನಲವತ್ತು ದಾಟಿದವರು. ಅಂಗಡಿಯಲ್ಲಿ ಒಂದು ಕಡೆ ಬಣ್ಣದ ಗಿಲಕಿ, ಬುಗುರಿ. ಇನ್ನೊಂದು ಕಡೆ ಬೆಂಕಿಪೊಟ್ಟಣದಷ್ಟು, ಸೋಪಿನಷ್ಟು ಚಿಕ್ಕ ಚಿಕ್ಕ ಹಳೆಯ ಕ್ಯಾಮೆರಾಗಳು. ಇವುಗಳ ಫಿಲಂ ಎಷ್ಟೋ ವರ್ಷ ನಿಂತೇ ಹೋಗಿತ್ತಂತೆ, ಈಗ ಹವ್ಯಾಸಿಗಳಿಂದಾಗಿ ಹೊರದೇಶದಲ್ಲಿ ಮತ್ತೆ ತಯಾರಾಗುತ್ತಿದೆಯಂತೆ. ಆದರೆ ದುಬಾರಿ. ಅದಕ್ಕೆ ಇವರು ತಮ್ಮ ಲೇತಿನಲ್ಲೇ ಮರದ ಒಂದು ಸಾಧನ ಕಡೆದಿದ್ದಾರೆ. ಅಗಲವಾದ ಫಿಲಮ್ಮನ್ನು ಕತ್ತಲಲ್ಲಿ ಅದರೊಳಗೆ ಎಳೆದರೆ, ಒಳಗಿನ ಎರಡು ಬ್ಲೇಡು ಅದನ್ನು ಬೇಕಾದ ಅಗಲಕ್ಕೆ ಸೀಳುತ್ತವೆ. ಪುಣೆ, ಕೊಚ್ಚಿಯ ಹವ್ಯಾಸಿಗಳೂ ಇದನ್ನು ಕೇಳಿ ತರಿಸಿಕೊಳ್ಳುತ್ತಾರಂತೆ. ಬೊಂಬೆಗೆ ಬಳಿಯುವ ಅರಗಿನ ಹಳದಿ ಬಣ್ಣ ಅದರ ಮೇಲೂ ಹೊಳೆಯುತ್ತಿತ್ತು.

"ಈಗಿನೋರಿಗೆ ಫೋನಲ್ಲಿ ಸಾವ್ರ ತೆಗ್ದು ತೆಗ್ದು ಬೇಜಾರಾಗೈತೆ ಮೇಡಂ. ಇಪ್ಪತ್ನಾಕೇ ಇರೋದು ಅಂದ್ರೆ ಒಸಿ ಯೋಚ್ನೆ ಮಾಡಿ ಒತ್ತುತಾರೆ" ಎನ್ನುತ್ತಾ ನನ್ನ ಕ್ಯಾಮೆರಾವನ್ನು ಬೆಳಕಿಗೆ ಹಿಡಿದರು. ಹಿಂದಿನ ಸಣ್ಣ ಕಿಟಕಿಯಲ್ಲಿ ಎಂಟು ಎಂಬ ಅಂಕಿ ಕಾಣುತ್ತಿತ್ತು. ಫಿಲಂ ಒಳಗೇ ಇತ್ತು. ಬಣ್ಣವಂತೂ ಬರದು, ಕಪ್ಪು ಬಿಳುಪಿನಲ್ಲಿ ತೊಳೆದು ನೋಡುತ್ತೇನೆ, ಏನೂ ಬರದಿದ್ದರೆ ಬೇಸರ ಮಾಡಿಕೊಳ್ಳಬೇಡಿ ಎಂದರು. ಆಮೇಲೆ ಒಂದು ಮೂಲೆಯನ್ನು ಉಗುರಿನಿಂದ ಸವರಿದರು.

"ಇದು ಯಾವಾಗ್ಲೋ ಎತ್ತರದಿಂದ ಬಿದ್ದೈತೆ. ಮೂಲೆ ಒತ್ತೋಗಿ ಒಳಗಿನ ಹಲ್ಲು ಬಗ್ಗೈತೆ. ಗುಂಡಿ ಸರೀದೇ ಇರೋದು ಅದಕ್ಕೇಯ."

ನಾನು ಬೀಳಿಸಿಲ್ಲ ಎಂದೆ. ಅವರು ನಕ್ಕರು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿರಬೇಕು.

ಒಂದು ವಾರದ ಮೇಲೆ ಫೋನ್ ಬಂತು. ಏಳರಲ್ಲಿ ನಾಲ್ಕು ಪೂರ್ತಿ ಕಪ್ಪು. ಮೂರು ಬಂದಿದ್ದವು. ಅಂಚೆ ಕಾರ್ಡಿನ ಅಳತೆಗೆ ಹಿಗ್ಗಿಸಿ ಕೊಟ್ಟರು. ಒಂದರಲ್ಲಿ ಅರ್ಧಕ್ಕೆ ಶಕೀಲಾಳ ಬೆರಳೇ ಅಡ್ಡ. ಇನ್ನೊಂದರಲ್ಲಿ ಅವಳ ಅಣ್ಣ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದಾನೆ. ಮೂರನೆಯದು ಅಮ್ಮಿ. ಫಿಲೇಚರಿನ ಮೆಟ್ಟಿಲ ಮೇಲೆ ಕೂತು, ಸಾಸರಿನಲ್ಲಿ ಟೀ ಹಿಡಿದು, ಕ್ಯಾಮೆರಾ ಹಿಡಿದವಳಿಗೆ ಏನೋ ಬೈಯುತ್ತಾ ಬಾಯ್ತುಂಬ ನಗುತ್ತಿದ್ದಾರೆ. ಚುಕ್ಕೆ ಚುಕ್ಕೆಯಾಗಿತ್ತು, ಮಸುಕಾಗಿತ್ತು. ಆದರೆ ಅವರೇ.

ಹಳೆಯ ಪರಿಚಯದವರಿಂದ ಶಕೀಲಾಳ ಮನೆ ಪತ್ತೆ ಮಾಡಿ ಮರುದಿನವೇ ಮಾಗಡಿಗೆ ಹೋದೆ. ಬಾಗಿಲು ತೆರೆದವಳೇ ಅವಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ನಿಮಿಷ ದಿಟ್ಟಿಸಿ, "ಗಿರಿಜಾ ತಾನೆ? ಒಳೀಕ್ ಬಾರೇ, ಬಾಗ್ಲಲ್ಲೇ ನಿಂತ್ಕಂಡಿದ್ದೀಯಲ್ಲ" ಎಂದಳು.

ನಾನು ಕೂತವಳೇ ಫೋಟೊಗಳನ್ನು ಕೊಟ್ಟೆ. ಅಮ್ಮಿಯ ಚಿತ್ರವನ್ನು ಅವಳು ಕಿಟಕಿಯ ಹತ್ತಿರ ಒಯ್ದು ನೋಡುತ್ತಲೇ ನಿಂತಳು. ಹಜ್‌ಗೆಂದು ತೆಗೆಸಿದ ಪಾಸ್‌ಪೋರ್ಟ್ ಫೋಟೊ ಬಿಟ್ಟರೆ ಮನೆಯಲ್ಲಿ ಅಮ್ಮಿಯದು ಬೇರೇನೂ ಇಲ್ಲ, ಅದರಲ್ಲಿ ಅಮ್ಮಿ ಅಮ್ಮಿಯ ಥರವೇ ಇಲ್ಲ ಎಂದಳು. ಫಿಲೇಚರ್ ಮುಚ್ಚಿದ ಮೇಲೆ ಮಾಗಡಿಯಲ್ಲಿ ಮಗಳ ಜೊತೆಗೇ ಇದ್ದ ಅಮ್ಮಿ ಹತ್ತು ವರ್ಷದ ಹಿಂದೆ ಇದೇ ಮನೆಯಲ್ಲಿ ತೀರಿಕೊಂಡರಂತೆ. ನನಗೆ ತಡೆಯಲಾಗಲಿಲ್ಲ. ಕ್ಯಾಮೆರಾ ನನ್ನ ಕೈಯಲ್ಲಿ ಕೆಟ್ಟದ್ದು, ಹೆದರಿ ಬಚ್ಚಿಟ್ಟದ್ದು, ಬಸ್ಸಿನ ಹಿಂದೆ ಅವಿತದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಶಕೀಲಾ ಬಂದು ನನ್ನ ಪಕ್ಕ ಕೂತಳು.

"ಬೀಳ್ಸಿದ್ದು ನಾನು ಕಣೇ. ನೀನು ಹೋಗೋ ಹಿಂದಿನ ದಿನ ಮಹಡಿ ಮೇಲಿಂದ ಬಿದ್ದೋಯ್ತು. ಭಾಯ್ ಊರಲ್ಲೇ ಇದ್ದ, ಗೊತ್ತಾದ್ರೆ ಸುಮ್ಕಿರ್ತಿರಲಿಲ್ಲ. ನಿನ್ ಕೈಗೆ ಕೊಟ್ಬುಟ್ರೆ ತಪ್ಪು ನಿನ್ ಮೇಲೆ ಹೋಗ್ತೈತೆ ಅಂತ ಕೊಟ್ಬುಟ್ಟೆ. ನೀನು ಆಮೇಲೆ ಮನೆಗೇ ಬರ್ಲಿಲ್ಲ. ನಿಂಗೆ ಗೊತ್ತಾಗೋಗೈತೆ, ಅದಕ್ಕೇ ನನ್ ಮಖ ನೋಡಾಕಿಲ್ಲ ಅನ್ಕಂಡೆ."

ಮೊದಲು ನಕ್ಕವಳು ಯಾರೋ ನೆನಪಿಲ್ಲ. ಕಣ್ಣೀರು ಬರುವಷ್ಟು ನಕ್ಕೆವು. ಅವಳ ಸೊಸೆ ಅಡುಗೆಮನೆಯಿಂದ ಗಾಬರಿಯಾಗಿ ಬಂದು ನೋಡಿದಳು.

ಹೊರಡುವಾಗ, ಅಮ್ಮಿ ನನ್ನನ್ನು ಯಾವಾಗಲಾದರೂ ನೆನೆದರಾ ಎಂದು ಕೇಳಿದೆ. ಶಕೀಲಾ ಅಮ್ಮಿಯ ಫೋಟೊವನ್ನು ಮತ್ತೆ ಕೈಗೆತ್ತಿಕೊಂಡಳು.

"ಕೊನೇ ತನಕ ಕೇಳ್ತಿದ್ರು, ಆ ಗಿರಿಜಾ ಯಾಕೆ ಬರಾಕಿಲ್ಲ ಅಂತ. ಬಳ್ಳಾರಿ ಕಡೆ ಕೆಲ್ಸ ಸಿಕ್ಕೈತೆ, ದೂರ, ರಜಾ ಕೊಡಾಕಿಲ್ಲ ಅಂತಿದ್ದೆ. ಹೌದಾ ಪಾಪ, ಅಷ್ಟು ದೂರಾನಾ ಅನ್ನೋರು."

ನಾನು ಬಳ್ಳಾರಿಯನ್ನು ಇವತ್ತಿಗೂ ನೋಡಿಲ್ಲ. ಅಷ್ಟೂ ವರ್ಷ ರಾಮನಗರದಲ್ಲೇ ಇದ್ದೆ, ಮಾಗಡಿ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದಾಗಿತ್ತು. ಈಗ ತಿಂಗಳಿಗೊಮ್ಮೆ ಆ ಬಸ್ಸು ಹತ್ತುತ್ತೇನೆ. ಶಕೀಲಾ ಸಿಗುತ್ತಾಳೆ, ಮಾತು ಮುಗಿಯುವುದೇ ಇಲ್ಲ. ಆದರೆ ನಾನು ದೂರದ ಊರಿನಲ್ಲಿ ಕಷ್ಟಪಡುತ್ತಿದ್ದೇನೆ ಎಂದು ಮರುಗುತ್ತಲೇ ಹೋದ ಅಮ್ಮಿಗೆ, ಇಲ್ಲೇ ಇದ್ದೆ ಎಂದು ಹೇಳುವುದು ಹೇಗೆ ಎಂಬುದು ಮಾತ್ರ ಪ್ರತಿ ಸಲವೂ ಆ ದಾರಿಯುದ್ದಕ್ಕೂ ನನ್ನನ್ನು ಕಾಡುತ್ತದೆ.